ಅಡ್ಮಿರಲ್ ಬಿಂಗ್‌ನ ತಲೆದಂಡ

1757ರ ಮಾರ್ಚ್ 14ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ‘ಮೊನಾರ್ಕ್’ ಯುದ್ಧನೌಕೆಯ ಡೆಕ್ ಮೇಲೆ ಅಡ್ಮಿರಲ್ ಜಾನ್ ಬಿಂಗ್ ಮಂಡಿಯೂರಿದ. ಕೈಯಲ್ಲಿದ್ದ ಕರವಸ್ತ್ರವನ್ನು ತಾನೇ ಕೆಳಗೆ ಬಿಟ್ಟ. ಗುಂಡು ಹಾರಿಸಲು ಅದೇ ಸನ್ನೆಯಾಗಿತ್ತು.

1704ರಲ್ಲಿ ಜನಿಸಿದ ಬಿಂಗ್‌ನದು ನೌಕಾಪಡೆಯ ಮನೆತನ. ತಂದೆ ಜಾರ್ಜ್ ಬಿಂಗ್ 1718ರಲ್ಲಿ ಸಿಸಿಲಿಯ ಬಳಿ ಸ್ಪೇನಿನ ನೌಕಾಬಲವನ್ನು ಮುರಿದ ವೀರ. ಮಗ ಹದಿಮೂರರ ಹರೆಯದಲ್ಲೇ ನೌಕಾಪಡೆ ಸೇರಿದ. ತಂದೆಯ ಪ್ರಭಾವದಿಂದ ಬಡ್ತಿಗಳು ಸಲೀಸಾಗಿ ಬಂದವು. ದೊಡ್ಡ ಕದನದ ಅನುಭವ ಮಾತ್ರ ಅಷ್ಟಾಗಿ ಒದಗಲಿಲ್ಲ. ಆತನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಒಂದು ವಿಚಾರಣೆ. 1744ರ ತೂಲಾನ್ ಕದನದಲ್ಲಿ ನೌಕೆಗಳ ಸಾಲು ಸರಿಹೋಗುವ ಮೊದಲೇ ಶತ್ರುವಿನ ಮೇಲೆರಗಿದ ಅಡ್ಮಿರಲ್ ಮ್ಯಾಥ್ಯೂಸ್‌ನನ್ನು ಸೇನಾ ನ್ಯಾಯಾಲಯ ವಜಾ ಮಾಡಿತು. ಆ ನ್ಯಾಯಪೀಠದಲ್ಲಿ ಬಿಂಗ್ ಸಹ ಕುಳಿತಿದ್ದ.

1756ರಲ್ಲಿ ಮೆಡಿಟರೇನಿಯನ್ ಸಮುದ್ರದ ಮಿನೋರ್ಕಾ ದ್ವೀಪಕ್ಕೆ ಫ್ರೆಂಚರು ಮುತ್ತಿಗೆ ಹಾಕಲು ಹೊರಟರು. ಸರ್ಕಾರ ತಡವಾಗಿ ಎಚ್ಚೆತ್ತು, ನಾವಿಕರ ಕೊರತೆಯಿದ್ದ ಹತ್ತು ನೌಕೆಗಳನ್ನು ಕೊಟ್ಟು ಬಿಂಗ್‌ನನ್ನು ಕಳುಹಿಸಿತು. ಮೇ 20ರಂದು ಕದನ ನಡೆಯಿತು. ಮುಂದಿದ್ದ ನೌಕೆಗಳು ಫ್ರೆಂಚರ ಗುಂಡಿನೇಟಿಗೆ ಜರ್ಝರಿತವಾದವು. ಹಿಂದಿನವು ದೂರವೇ ಉಳಿದವು. ಸಾಲು ಮುರಿದು ಮುನ್ನುಗ್ಗಲು ಕ್ಯಾಪ್ಟನ್ ಸೂಚಿಸಿದಾಗ ಬಿಂಗ್ ಮ್ಯಾಥ್ಯೂಸ್‌ನ ಗತಿಯನ್ನು ನೆನಪಿಸಿದ. ನಾಲ್ಕು ದಿನಗಳ ಬಳಿಕ ಅಧಿಕಾರಿಗಳೊಡನೆ ಸಮಾಲೋಚಿಸಿ ಜಿಬ್ರಾಲ್ಟರ್‌ಗೆ ಹಿಂದಿರುಗಿದ. ಜೂನ್ ಕೊನೆಗೆ ಮಿನೋರ್ಕಾದ ಕೋಟೆ ಶರಣಾಯಿತು.

ಬಿಂಗ್ ಅಪ್ರತಿಮ ಸೇನಾನಿಯೇನಲ್ಲ. ಇನ್ನಷ್ಟು ಹೊತ್ತು ಅಲ್ಲಿಯೇ ನಿಂತು ಕಾದಾಡಬಹುದಿತ್ತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಲಂಡನ್ನಿನಲ್ಲಿ ಜನ ರೊಚ್ಚಿಗೆದ್ದಾಗ ಮಂತ್ರಿಮಂಡಲಕ್ಕೆ ತನ್ನ ಹೊಣೆಗೇಡಿತನ ಮರೆಮಾಚಲು ಒಬ್ಬ ಬಲಿಪಶು ಬೇಕಾಗಿದ್ದ. ಬಿಂಗ್‌ನ ಪ್ರತಿಕೃತಿಗಳನ್ನು ಬೀದಿಗಳಲ್ಲಿ ಸುಡಲಾಯಿತು. ವಿಚಾರಣೆ ನಡೆಸಿದ ನ್ಯಾಯಾಲಯ ಆತ ಹೇಡಿಯಲ್ಲವೆಂದಿತು; ಶಕ್ತಿಮೀರಿ ಹೋರಾಡಲಿಲ್ಲವೆಂದಷ್ಟೇ ನಿರ್ಣಯಿಸಿತು. ವಿಪರ್ಯಾಸವೆಂದರೆ, 1749ರಲ್ಲಿ ತಿದ್ದಿದ ಯುದ್ಧಸಂಹಿತೆಯ 12ನೇ ವಿಧಿಯಲ್ಲಿ ಈ ತಪ್ಪಿಗೂ ಮರಣದಂಡನೆಯೊಂದೇ ಶಿಕ್ಷೆ. ನ್ಯಾಯಾಧೀಶರೇ ಒಮ್ಮತದಿಂದ ದಯೆ ಕೋರಿದರು. ಸರ್ಕಾರದ ಚುಕ್ಕಾಣಿ ಹಿಡಿದಿದ್ದ ವಿಲಿಯಂ ಪಿಟ್ ಕೂಡ ಬಿನ್ನವಿಸಿಕೊಂಡ. ದೊರೆ ಎರಡನೇ ಜಾರ್ಜ್ ಮನಸ್ಸು ಕರಗಲಿಲ್ಲ.

1779ರಲ್ಲಿ ಆ ವಿಧಿಗೆ ತಿದ್ದುಪಡಿ ತಂದು, ಬೇರೆ ಶಿಕ್ಷೆ ನೀಡುವ ವಿವೇಚನೆಯನ್ನು ನ್ಯಾಯಾಲಯಕ್ಕೆ ಬಿಡಲಾಯಿತು. ಬಿಂಗ್‌ಗೆ ಮರಣೋತ್ತರ ಕ್ಷಮಾದಾನ ನೀಡಬೇಕೆಂದು ವಂಶಸ್ಥರು ಮಾಡಿದ ಮನವಿಯನ್ನು ಬ್ರಿಟನ್ನಿನ ರಕ್ಷಣಾ ಇಲಾಖೆ 2007ರಲ್ಲಿ ತಳ್ಳಿಹಾಕಿತು.