ಶಿಲೆಯಲ್ಲಿ ಶಾಂತಿಯನ್ನು ಕಂಡ ದಂಡನಾಯಕ ಚಾವುಂಡರಾಯ

ಕನ್ನಡನಾಡಿನಲ್ಲಿ ಜಿನಬಿಂಬ ಪ್ರತಿಷ್ಠೆಯ ಮಾತು ಬಂದಾಗಲೆಲ್ಲ ಮೊದಲು ನೆನಪಿಗೆ ಬರುವ ಹೆಸರು ಚಾವುಂಡರಾಯನದು. ಗಂಗರಾಜ್ಯದ ಮಂತ್ರಿಯಾಗಿ, ದಂಡನಾಯಕನಾಗಿ, ಕನ್ನಡ ಗದ್ಯದ ಹಿರಿಯ ಗ್ರಂಥಕರ್ತನಾಗಿ, ವಿಂಧ್ಯಗಿರಿಯ ನೆತ್ತಿಯ ಮೇಲೆ ಗೊಮ್ಮಟೇಶ್ವರನನ್ನು ಕಡೆಯಿಸಿದ ಪುಣ್ಯಪುರುಷನಾಗಿ ಅವನು ಸಾವಿರ ವರ್ಷಗಳ ಆಚೆಯಿಂದಲೂ ನಮಗೆ ಪ್ರಾತಃಸ್ಮರಣೀಯನಾಗಿದ್ದಾನೆ. ಅವನು ಉಳಿ ಹಿಡಿದ ರೂವಾರಿಯಲ್ಲ. ಆದರೂ ಅವನ ಬಾಳಿನ ಕಥೆಯನ್ನು ಶಿಲ್ಪದ ಮಾತನ್ನು ಬಿಟ್ಟು ಹೇಳುವುದು ಸಾಧ್ಯವಿಲ್ಲ.

ಚಾವುಂಡರಾಯನು ತನ್ನನ್ನು ಬ್ರಹ್ಮಕ್ಷತ್ರ ಕುಲದವನೆಂದು ಹೇಳಿಕೊಂಡಿದ್ದಾನೆ. ಗಂಗ ದೊರೆ ಎರಡನೆಯ ಮಾರಸಿಂಹನ ಕಾಲದಲ್ಲಿಯೂ, ಅವನ ತರುವಾಯ ಪಟ್ಟಕ್ಕೆ ಬಂದ ನಾಲ್ಕನೆಯ ರಾಚಮಲ್ಲನ ಕಾಲದಲ್ಲಿಯೂ ಅವನು ರಾಜ್ಯಭಾರದ ಹೊಣೆಯನ್ನು ಹೊತ್ತನು. ಅದು ಗಂಗರಿಗೆ ಕಷ್ಟಕಾಲ. ಅವರ ಅಧೀಶ್ವರರಾಗಿದ್ದ ರಾಷ್ಟ್ರಕೂಟರ ಪ್ರಭುತ್ವವು 973ರಲ್ಲಿ ಕುಸಿದು, ಚಾಲುಕ್ಯರು ಮತ್ತೆ ತಲೆಯೆತ್ತಿದ್ದರು. ಮಾರಸಿಂಹನು ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನು. ಅಂಥ ಸಂದರ್ಭದಲ್ಲಿ ಸಿಂಹಾಸನಕ್ಕೆ ಆಸರೆಯಾಗಿ ನಿಂತವನು ಚಾವುಂಡರಾಯ.

ಅವನ ಬಿರುದುಗಳೇ ಅವನ ಯುದ್ಧಚರಿತ್ರೆ. ವಜ್ಜಳನೊಡನೆ ಕಾದಿ ಸಮರಧುರಂಧರನೆನಿಸಿದನು. ನೊಳಂಬರನ್ನು ಎದುರಿಸಿದ ಗೋನೂರಿನ ಬಯಲಿನಲ್ಲಿ ವೀರಮಾರ್ತಾಂಡನೆಂಬ ಹೆಸರನ್ನು ಪಡೆದನು. ಉಚ್ಚಂಗಿಯ ಕೋಟೆಯ ಕಾಳಗವು ಅವನನ್ನು ರಣರಂಗಸಿಂಗನನ್ನಾಗಿ ಮಾಡಿತು. ತನ್ನ ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಸಂಹರಿಸಿ ಸಮರಪರಶುರಾಮನಾದನು. ಈ ವೀರಬಿರುದುಗಳ ಜೊತೆಗೆ ಸಮ್ಯಕ್ತ್ವರತ್ನಾಕರ, ಸತ್ಯಯುಧಿಷ್ಠಿರ, ಶೌಚಾಭರಣ ಎಂಬ ಶೀಲದ ಬಿರುದುಗಳೂ ಅವನಿಗಿದ್ದವು. ಒಂದೇ ಎದೆಯಲ್ಲಿ ತಮ್ಮನ ಸಾವಿಗೆ ಹಗೆ ತೀರಿಸಿಕೊಂಡ ಯೋಧನೂ ಅಹಿಂಸೆಯ ವ್ರತವನ್ನು ನಂಬಿದ ಶ್ರಾವಕನೂ ಇದ್ದುದನ್ನು ನಾವು ಮರೆಯಬಾರದು. ಅವನು ಮುಂದೆ ಮಾಡಿದ ಕಾರ್ಯಗಳ ಬೆಲೆ ತಿಳಿಯುವುದು ಆಗಲೇ.

ಅಜಿತಸೇನಾಚಾರ್ಯರೂ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳೂ ಅವನ ಗುರುಗಳು. 978ರಲ್ಲಿ ಅವನು ಅರವತ್ತಮೂರು ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಚಾವುಂಡರಾಯ ಪುರಾಣವೆಂದು ಪ್ರಸಿದ್ಧವಾದ ಈ ಗ್ರಂಥವು ಚಂಪೂಕಾವ್ಯಗಳು ಮೆರೆಯುತ್ತಿದ್ದ ಕಾಲದಲ್ಲಿ ಸರಳವಾದ ಗದ್ಯವನ್ನು ಆರಿಸಿಕೊಂಡಿತು. ಕವಿ ರನ್ನನಿಗೂ ಅವನು ಆಶ್ರಯವಿತ್ತನು. ನೇಮಿಚಂದ್ರರು ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರವು ಇವನ ಹೆಸರನ್ನೇ ಹೊತ್ತಿದೆ; ಗೊಮ್ಮಟನೆಂಬುದು ಚಾವುಂಡರಾಯನ ಮನೆಮಾತಿನ ಹೆಸರಾಗಿದ್ದು, ಗೊಮ್ಮಟನ ಈಶ್ವರನಾದುದರಿಂದ ಬಾಹುಬಲಿಯು ಗೊಮ್ಮಟೇಶ್ವರನಾದನೆಂದು ವಿದ್ವಾಂಸರು ವಿವರಿಸಿದ್ದಾರೆ.

ಬಾಹುಬಲಿಯ ಕಥೆ ಅವನ ಪುರಾಣದಲ್ಲಿಯೂ ಬಂದಿದೆ. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದವನು ಗೆಲುವಿನ ಗಳಿಗೆಯಲ್ಲಿಯೇ ರಾಜ್ಯವನ್ನು ತೃಣವಾಗಿ ಕಂಡು ತಪಸ್ಸಿಗೆ ನಿಂತನು. ಜೀವಮಾನವೆಲ್ಲ ಗೆಲ್ಲುವುದನ್ನೇ ಕಸುಬಾಗಿಸಿಕೊಂಡಿದ್ದ ದಂಡನಾಯಕನು ಇಪ್ಪತ್ತನಾಲ್ವರು ತೀರ್ಥಂಕರರಲ್ಲಿ ಒಬ್ಬನನ್ನು ಆರಿಸದೆ, ಗೆದ್ದುದನ್ನು ಬಿಟ್ಟುಕೊಟ್ಟ ಈ ಪುರುಷನ ಬಿಂಬವನ್ನೇ ಕಡೆಯಿಸಿದನು. ತಾಯಿ ಕಾಳಲಾದೇವಿಯು ಪೌದನಪುರದ ಬಾಹುಬಲಿಯ ದರ್ಶನವಾಗುವ ತನಕ ಹಾಲು ಮುಟ್ಟೆನೆಂದು ವ್ರತ ಹಿಡಿದಳೆಂದೂ, ಕನಸಿನ ಆದೇಶದಂತೆ ಚಿಕ್ಕಬೆಟ್ಟದಿಂದ ಬಿಟ್ಟ ಬಾಣವು ದೊಡ್ಡಬೆಟ್ಟದ ಬಂಡೆಗೆ ತಗುಲಿ ಮೂರ್ತಿಯ ಮುಖ ಕಂಡಿತೆಂದೂ ಐತಿಹ್ಯವು ಹೇಳುತ್ತದೆ.

ಐತಿಹ್ಯದ ಬಾಣ ಮುಖವನ್ನು ತೋರಿಸಿತು. ಅದನ್ನು ಬಂಡೆಯಿಂದ ಬಿಡಿಸಿ ತೆಗೆದದ್ದು ರೂವಾರಿಗಳ ಉಳಿ. ಮರದ ಕೆತ್ತನೆಯಲ್ಲಿ ಎಳೆ ನೋಡಿ ಉಳಿ ಆಡಿಸಬಹುದು, ಮುರಿದ ಭಾಗಕ್ಕೆ ಬೇರೊಂದು ತುಂಡನ್ನು ಬೆಸೆಯಬಹುದು. ಮಣ್ಣಿನ ಮೂರ್ತಿಗೆ ಕಳೆದುದನ್ನು ಮತ್ತೆ ಮೆತ್ತಬಹುದು. ಏಕಶಿಲೆಗೆ ಆ ಸೌಲಭ್ಯವಿಲ್ಲ. ಒಮ್ಮೆ ಹಾರಿದ ಚಕ್ಕೆ ಮತ್ತೆ ಬಂದು ಕೂಡುವುದಿಲ್ಲ. ಹೊಯ್ಸಳರ ಕಾಲದ ಶಿಲ್ಪಿಗಳಿಗೆ ಒದಗಿದ ಬಳಪದ ಕಲ್ಲು ಮೆದು. ವಿಂಧ್ಯಗಿರಿಯದು ಉಳಿಯ ಮೊನೆಯನ್ನೇ ಸವೆಸುವ ಕಣಶಿಲೆ. ಅದರಲ್ಲಿ ಸೂಕ್ಷ್ಮವಾದ ಒಡವೆ ವಸ್ತ್ರಗಳ ಕುಸುರಿಗೆ ಎಡೆ ಕಡಿಮೆ. ಆದರೆ ದಿಗಂಬರ ಮೂರ್ತಿಗೆ ಕುಸುರಿ ಬೇಕಿಲ್ಲ. ಬೇಕಾದುದು ಅಗಲವಾದ ಹೆಗಲಿನ ಬಾಗು, ನೇರವಾಗಿ ಇಳಿಬಿದ್ದ ತೋಳುಗಳ ಹದ, ತುಟಿಯಂಚಿನ ಕಿರುನಗೆ. ಕಲ್ಲಿನ ಸ್ವಭಾವವೂ ವಸ್ತುವಿನ ಸ್ವಭಾವವೂ ಇಲ್ಲಿ ಒಂದಾದವು.

58 ಅಡಿ ಎತ್ತರದ ಈ ಮೂರ್ತಿ ಉತ್ತರಾಭಿಮುಖವಾಗಿ ನಿಂತಿದೆ. ತೊಡೆಯಿಂದ ಮೇಲೆ ಅದಕ್ಕೆ ಹಿಂದಿನ ಆಸರೆಯಿಲ್ಲ. ಕೆಳಗಡೆ ಕಾಲುಗಳ ಇಕ್ಕೆಲಗಳಲ್ಲಿ ಹುತ್ತಗಳಿವೆ, ಅವುಗಳಿಂದ ಹಾವುಗಳು ಇಣುಕುತ್ತವೆ, ಮಾಧವೀಲತೆ ತೊಡೆಗಳನ್ನೂ ತೋಳುಗಳನ್ನೂ ಬಳಸಿ ಏರಿದೆ. ಪುರಾಣದ ಪ್ರಕಾರ ಇವು ಬಾಹುಬಲಿಯ ಅಚಲ ತಪಸ್ಸಿನ ಗುರುತುಗಳು. ಶಿಲ್ಪದ ಕಣ್ಣಿನಿಂದ ನೋಡಿದರೆ, ಮೇಲಿನ ಅಪಾರ ಭಾರವನ್ನು ಹೊರುವ ಕಾಲುಗಳಿಗೆ ಬಂಡೆಯನ್ನು ಬಿಟ್ಟುಕೊಟ್ಟ ಆಧಾರವೂ ಇವೇ. ಕಥೆ ಬೇಡಿದುದೂ ಕಲ್ಲು ಬೇಡಿದುದೂ ಒಂದೇ ಆಗುವಂತೆ ನೋಡಿಕೊಂಡ ಆ ರೂವಾರಿಯ ಬುದ್ಧಿಗೆ ಕೈಮುಗಿಯಬೇಕು. ಅವನ ಹೆಸರು ಅರಿಷ್ಟನೇಮಿ ಎಂಬ ಪ್ರತೀತಿಯಿದೆ. ಮೊಣಕಾಲಿನ ಕೆಳಭಾಗ ಪ್ರಮಾಣಕ್ಕಿಂತ ತುಸು ಗಿಡ್ಡವೆಂದು ಕಲಾವಿಮರ್ಶಕರು ಹೇಳಿದ್ದುಂಟು. ಆದರೆ ಕೆಳಗೆ ನಿಂತು ಮುಖವನ್ನು ನೋಡಿದವರಿಗೆ ಆ ಲೆಕ್ಕ ನೆನಪಿಗೆ ಬರುವುದು ಅಪರೂಪ.

981ರಲ್ಲಿ ಪ್ರತಿಷ್ಠೆ ನಡೆಯಿತೆಂಬುದು ರೂಢಿಯ ಎಣಿಕೆ. ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರು ನುಡಿಗಳಲ್ಲಿ ಇದನ್ನು ಮಾಡಿಸಿದವನು ಚಾವುಂಡರಾಯನೆಂಬ ಸಂಗತಿ ಕೆತ್ತಲ್ಪಟ್ಟಿದೆ. ಅಲ್ಲಿ ಅವನ ಯುದ್ಧಬಿರುದುಗಳ ಸಾಲಿಲ್ಲ. ಮೊದಲ ಅಭಿಷೇಕದಲ್ಲಿ ಕೊಡಗಟ್ಟಲೆ ಹಾಲು ಸುರಿದರೂ ಅದು ಮೂರ್ತಿಯ ನಡುವನ್ನು ದಾಟಲಿಲ್ಲವೆಂದೂ, ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಒಡಲಲ್ಲಿ ತಂದ ಹಾಲು ಪಾದದ ತನಕ ಹರಿದು ದಂಡನಾಯಕನ ಅಹಂಕಾರವನ್ನು ತೊಳೆಯಿತೆಂದೂ ಜನರು ಹೇಳುತ್ತಾರೆ. ಗುಳ್ಳಕಾಯಜ್ಜಿಯ ವಿಗ್ರಹವು ಇಂದಿಗೂ ಸ್ವಾಮಿಯ ಎದುರಿಗೆ ನಿಂತಿದೆ.

ಚಂದ್ರಗಿರಿಯ ಚಾವುಂಡರಾಯ ಬಸದಿ ಅವನ ಹೆಸರನ್ನು ಉಳಿಸಿದೆ. ಅದರ ಮೇಲಂತಸ್ತಿನ ಪಾರ್ಶ್ವನಾಥ ಬಿಂಬವು ಅವನ ಮಗ ಜಿನದೇವಣನ ಕೊಡುಗೆ. ವಿಂಧ್ಯಗಿರಿಯ ತ್ಯಾಗದ ಬ್ರಹ್ಮದೇವ ಕಂಬದ ಮೇಲೆ ಚಾವುಂಡರಾಯನು ತನ್ನ ಚರಿತೆಯನ್ನೇ ಬರೆಯಿಸಿದ್ದನು. ಆದರೆ ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬವನು ಕಂಬದ ಮೂರು ಪಕ್ಕಗಳ ಬರಹವನ್ನು ಉಳಿಯಿಂದ ಅಳಿಸಿ, ತನ್ನದೊಂದು ಚಿಕ್ಕ ಶಾಸನವನ್ನು ಹಾಕಿಸಿದನು. ಉಳಿದದ್ದು ಕುಲವನ್ನೂ ಕೆಲವು ಕಾಳಗಗಳನ್ನೂ ಹೇಳುವ ಆರಂಭದ ಪದ್ಯಗಳು ಮಾತ್ರ. ತನ್ನ ಬಗೆಗೆ ಬರೆಯಿಸಿದುದು ಅಳಿದು, ಸ್ವಾಮಿಗಾಗಿ ಕಡೆಯಿಸಿದುದು ಉಳಿದುದು ಕರ್ಮಸಿದ್ಧಾಂತವನ್ನು ಬಲ್ಲ ನಮಗೆ ಅಚ್ಚರಿಯ ಸಂಗತಿಯಲ್ಲ.

12ನೆಯ ಶತಮಾನದಲ್ಲಿ ಗಂಗರಾಜನು ಮೂರ್ತಿಗೆ ಸುತ್ತಾಲಯವನ್ನು ಕಟ್ಟಿಸಿದನು. 1432ರಲ್ಲಿ ಕಾರ್ಕಳದಲ್ಲಿ, 1604ರಲ್ಲಿ ವೇಣೂರಿನಲ್ಲಿ, 1982ರಲ್ಲಿ ಧರ್ಮಸ್ಥಳದಲ್ಲಿ ಬಾಹುಬಲಿಯ ಬೃಹದ್ಬಿಂಬಗಳು ಪ್ರತಿಷ್ಠೆಗೊಂಡವು. 1981ರಲ್ಲಿ ಬೆಳ್ಗೊಳದ ಮೂರ್ತಿಗೆ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನೆರವೇರಿತು.

ಬಿಂಬಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಧನವಿತ್ತವರು, ಕಲ್ಲು ಹೊತ್ತವರು, ಉಳಿ ಹಿಡಿದವರು ಎಲ್ಲರೂ ಚಾವುಂಡರಾಯನ ಪರಂಪರೆಗೆ ಸೇರಿದವರೇ. ಕಲ್ಲಿನಿಂದ ಬೇಡವಾದುದನ್ನು ಕಳೆದರೆ ಜಿನಬಿಂಬ. ಆತ್ಮದಿಂದ ಕಷಾಯಗಳನ್ನು ಕಳೆದರೆ ಜಿನತ್ವ. ಆ ಮಹಾಪುರುಷನ ಸ್ಮರಣೆಯು ನಮ್ಮಲ್ಲಿ ಈ ಎರಡನೆಯ ಕೆಲಸಕ್ಕೂ ಶ್ರದ್ಧೆಯನ್ನು ಮೂಡಿಸಲಿ.