ಕಪ್ಪು ಲಂಗೋಟಿಯ ಹಿಂದೆ ಬಿದ್ದ ಡಾಕ್ಟರು

ಕೂಸಿನ ಲಂಗೋಟಿ ಕಪ್ಪಾದರೆ ಯಾವ ತಾಯಿ ತಾನೆ ಗಾಬರಿಯಾಗೋಲ್ಲ? 1890ರ ದಶಕದ ಕೊನೆಗೆ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಅಂಥದೊಂದು ಮಗು ಬಂತು. ಗಾಳಿಗೆ ಬಿಟ್ಟರೆ ಉಚ್ಚೆ ಶಾಯಿಯಂತೆ ಕಪ್ಪು. ಆಲ್ಕಾಪ್ಟೊನ್ಯೂರಿಯ ಅಂತ ಅದರ ಹೆಸರು. ನೋಡಿದ ಡಾಕ್ಟರು ಆರ್ಚಿಬಾಲ್ಡ್ ಗ್ಯಾರಡ್.

ಇವರು ಹುಟ್ಟಿದ್ದು 1857ರಲ್ಲಿ, ಲಂಡನ್ನಿನಲ್ಲೇ. ತಂದೆಯೂ ಹೆಸರಾಂತ ಡಾಕ್ಟರು. ಮಗ ಮೂತ್ರದ ಬಣ್ಣಗಳನ್ನು ಪರೀಕ್ಷೆ ಮಾಡ್ತಾ ಕೂತರು. ಮೂಗು ಮುಚ್ಚಿಕೊಂಡು ಮಾಡೋ ಕೆಲಸವೇ ಸರಿ.

ಹೊಟ್ಟೆಯೊಳಗಿನ ರೋಗಾಣುಗಳಿಂದ ಹೀಗಾಗುತ್ತೆ ಅಂತ ಆಗಿನ ಪಂಡಿತರು ನಂಬಿದ್ದರು. ಗ್ಯಾರಡ್‌ಗೆ ಅದು ಸರಿಬೀಳಲಿಲ್ಲ. 1901ರಲ್ಲಿ ಅದೇ ತಾಯಿಗೆ ಇನ್ನೊಂದು ಹೆರಿಗೆ. ಹುಟ್ಟಿದ ಗಳಿಗೆಯಿಂದ ಲಂಗೋಟಿ ಮೇಲೆ ಕಣ್ಣಿಡಿ ಅಂತ ನರ್ಸಮ್ಮನಿಗೆ ತಾಕೀತಾಯ್ತು. ಮೂರು ದಿನ ತುಂಬುವ ಮುಂಚೆಯೇ ಕಪ್ಪು ಕಾಣಿಸಿತು. ಅಂದಮೇಲೆ ಇದು ಅಂಟಿದ್ದಲ್ಲ, ಹುಟ್ಟುತ್ತಲೇ ಬಂದದ್ದು!

ಆಗ ತಂದೆತಾಯಿಯ ಸಂಬಂಧ ವಿಚಾರಿಸಿದರು. ಗಂಡಹೆಂಡತಿ ಇಬ್ಬರೂ ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳು. ಇದೇ ರೋಗದ ಬೇರೆ ಕೆಲವು ಮನೆಗಳಲ್ಲೂ ಅದೇ ಕಥೆ. ಬೇಟ್ಸನ್ ಎಂಬ ವಿಜ್ಞಾನಿ, ಮೆಂಡೆಲ್ ಪಾದ್ರಿ ಬಟಾಣಿ ಗಿಡದಲ್ಲಿ ಕಂಡ ಲೆಕ್ಕ ಇದಕ್ಕೂ ಕೂಡುತ್ತೆ ಅಂತ ಸುಳಿವು ಕೊಟ್ಟರು. ದೋಷದ ಒಂದು ಪಾಲು ಅಪ್ಪನಲ್ಲಿ, ಇನ್ನೊಂದು ಅಮ್ಮನಲ್ಲಿ ಅಡಗಿರುತ್ತೆ. ಅವರಿಬ್ಬರಿಗೂ ಏನೂ ಆಗಿರೋಲ್ಲ. ಎರಡೂ ಪಾಲು ಒಂದೇ ಮಗುವಿಗೆ ಬಂದರೆ ಮಾತ್ರ ರೋಗ. ಪ್ರತಿ ಹೆರಿಗೆಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಒಂದೇ ರಕ್ತದವರು ಮದುವೆಯಾದರೆ ಇಬ್ಬರಲ್ಲೂ ಅದೇ ದೋಷ ಇರುವ ಸಂಭವ ಜಾಸ್ತಿ. ಅಕ್ಕನ ಮಗಳನ್ನೇ ತಂದುಕೊಳ್ಳುವ ನಮ್ಮ ಕಡೆಯವರು ಕಿವಿಗೊಡಬೇಕಾದ ಮಾತು. ಹಾಗಂತ ಸೋದರಿಕೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ರೋಗ ಅಂತಲ್ಲ, ಬಹುಪಾಲು ಗಟ್ಟಿಮುಟ್ಟಾಗೇ ಇರ್ತಾರೆ.

1902ರಲ್ಲಿ ಇದನ್ನೆಲ್ಲ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. 1908ರ ಉಪನ್ಯಾಸಗಳಲ್ಲಿ ಇನ್ನೂ ಮೂರು ಕಾಯಿಲೆ ಸೇರಿಸಿದರು. ಮೈಯೊಳಗೆ ಒಂದು ಎಂಜೈಮ್ ಇಲ್ಲದಿದ್ದರೆ ಅದು ಅರೆಯಬೇಕಾದ ಸರಕು ಹಾಗೇ ಉಳಿದುಬಿಡುತ್ತೆ, ಆ ಕೊರತೆ ವಂಶದಿಂದ ಬರುತ್ತೆ ಅನ್ನೋದು ವಾದ. ಡಾಕ್ಟರುಗಳು ಕೇಳಿ ಮರೆತರು. ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಬರೋ ರೋಗ, ಅದನ್ನು ಕಟ್ಟಿಕೊಂಡು ಏನು?

ಅಷ್ಟರಲ್ಲಿ ಮಹಾಯುದ್ಧ. ಮೂವರು ಗಂಡುಮಕ್ಕಳಲ್ಲಿ ಇಬ್ಬರು ಯುದ್ಧದಲ್ಲೇ ಹೋದರು. ಉಳಿದೊಬ್ಬನನ್ನು 1919ರಲ್ಲಿ ಇನ್‌ಫ್ಲುಯೆಂಜಾ ತಿಂದಿತು. ವಂಶದ ಲೆಕ್ಕ ಬಿಡಿಸಿದ ಮನುಷ್ಯನ ಮನೆಯಲ್ಲಿ ಗಂಡು ಸಂತಾನವೇ ನಿಂತುಹೋಯಿತು. ಮರುವರ್ಷ ಆಕ್ಸ್‌ಫರ್ಡಿನ ದೊಡ್ಡ ಪ್ರೊಫೆಸರ್ ಹುದ್ದೆ ಸಿಕ್ಕಿತು. ಮಗಳು ಡೊರೊಥಿ ಪ್ರಾಕ್ತನಶಾಸ್ತ್ರ ಓದಿ, 1939ರಲ್ಲಿ ಕೇಂಬ್ರಿಜ್‌ನ ಮೊದಲ ಮಹಿಳಾ ಪ್ರೊಫೆಸರ್ ಆದಳು. ಅದನ್ನು ನೋಡೋಕೆ ತಂದೆ ಇರಲಿಲ್ಲ, 1936ರಲ್ಲೇ ತೀರಿಕೊಂಡಿದ್ದರು.

1958ರಲ್ಲಿ ಅಮೆರಿಕದ ವಿಜ್ಞಾನಿಗಳು ಇಂಥ ರೋಗಿಯೊಬ್ಬರ ಯಕೃತ್ತನ್ನು ಪರೀಕ್ಷಿಸಿದರು. ಗ್ಯಾರಡ್ ಇಲ್ಲ ಅಂದಿದ್ದ ಎಂಜೈಮ್ ಅಲ್ಲಿ ಇರಲೇ ಇಲ್ಲ. ದೋಷ ಇರುವ ಜೀನು ಕೈಗೆ ಸಿಕ್ಕಿದ್ದು 1996ರಲ್ಲಿ.