ಮಠದ ತೋಟದಲ್ಲಿ ಮೊಳೆತ ಸತ್ಯ: ಗ್ರೆಗರ್ ಮೆಂಡೆಲ್

ಕುಟುಂಬವೊಂದರಲ್ಲಿ ಒಂದೇ ವ್ಯಾಧಿ ತಲೆಮಾರಿನಿಂದ ತಲೆಮಾರಿಗೆ ಮರುಕಳಿಸಿದಾಗ ಅದನ್ನು ಶಾಪವೆಂದು ಭಾವಿಸುವವರುಂಟು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ವಿಚಾರಿಸಿದಾಗ, ಪ್ರಭು ಯೇಸು ಆ ದೋಷವನ್ನು ಅವನ ಮೇಲಾಗಲಿ ಹೆತ್ತವರ ಮೇಲಾಗಲಿ ಹೊರಿಸಲಿಲ್ಲ. ಹಾಗಾದರೆ ರೋಗವು ರಕ್ತಸಂಬಂಧದ ಜಾಡು ಹಿಡಿದು ಬರುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರದ ದಾರಿಯನ್ನು ತೆರೆದವರು ಒಬ್ಬ ಕಥೋಲಿಕ ಗುರು, ಗ್ರೆಗರ್ ಮೆಂಡೆಲ್.

ಅವರು 1822ರಲ್ಲಿ, ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಜೆಕ್ ಗಣರಾಜ್ಯದಲ್ಲಿರುವ ಹಳ್ಳಿಯೊಂದರ ರೈತ ಕುಟುಂಬದಲ್ಲಿ ಜನಿಸಿದರು. ಜ್ಞಾನಸ್ನಾನದ ಹೆಸರು ಯೊಹಾನ್. ತಂದೆ ಮರಕ್ಕೆ ಸಿಲುಕಿ ಗಾಯಗೊಂಡು ದುಡಿಯಲಾರದಾದಾಗ ಮಗನ ವಿದ್ಯಾಭ್ಯಾಸಕ್ಕೆ ಕುತ್ತು ಬಂದಿತು. ಆಗ ಕಿರಿಯ ತಂಗಿ ತೆರೇಸಿಯಾ ತನ್ನ ವಿವಾಹಕ್ಕೆಂದು ಮೀಸಲಾಗಿದ್ದ ಪಾಲಿನಲ್ಲಿ ಒಂದಂಶವನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. ಮೆಂಡೆಲರು ಆ ಋಣವನ್ನು ಮರೆಯಲಿಲ್ಲ. ಮುಂದೆ ಅವಳ ಮೂವರು ಪುತ್ರರ ವಿದ್ಯಾಭ್ಯಾಸಕ್ಕೆ ನೆರವಾದರು.

1843ರಲ್ಲಿ ಬ್ರನೋ ನಗರದ ಸಂತ ತೋಮಾಸರ ಅಗಸ್ಟೀನಿಯನ್ ಮಠವನ್ನು ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ಆದರೆ ರೋಗಿಗಳ ನರಳಾಟವನ್ನು ಕಂಡು ತಾವೇ ಅಸ್ವಸ್ಥರಾಗುತ್ತಿದ್ದುದರಿಂದ ಮಠಾಧಿಪತಿಗಳು ಅವರನ್ನು ಬೋಧನೆಯ ಕಾರ್ಯಕ್ಕೆ ನಿಯೋಜಿಸಿದರು. 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಬಳಿಕ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ವಿಜ್ಞಾನವನ್ನು ಅಭ್ಯಸಿಸಿ ಮಠಕ್ಕೆ ಮರಳಿದರು.

1856ರಿಂದ 1863ರವರೆಗೆ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ ಪರೀಕ್ಷಿಸಿದರು. ದುಂಡು ಕಾಳಿನ ತಳಿಯನ್ನು ಸುಕ್ಕು ಕಾಳಿನ ತಳಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ದೊರೆತುದೆಲ್ಲವೂ ದುಂಡು ಕಾಳೇ. ಮುಂದಿನ ಪೀಳಿಗೆಯಲ್ಲಿ 7,324 ಕಾಳುಗಳನ್ನು ಎಣಿಸಿದಾಗ 5,474 ದುಂಡಾಗಿಯೂ 1,850 ಸುಕ್ಕಾಗಿಯೂ ಇದ್ದವು. ಹೆಚ್ಚುಕಡಿಮೆ ಮೂರಕ್ಕೆ ಒಂದು! ಕಣ್ಣಿಗೆ ಕಾಣದಾದ ಗುಣ ನಾಶವಾಗಿರಲಿಲ್ಲ, ಅಡಗಿತ್ತು ಅಷ್ಟೆ. 1865ರಲ್ಲಿ ಎರಡು ಉಪನ್ಯಾಸಗಳ ಮೂಲಕ ಇದನ್ನು ವಿದ್ವಾಂಸರ ಮುಂದಿಟ್ಟರು. ಮರುವರ್ಷ ಅದು ಮುದ್ರಣಗೊಂಡಿತು. ಅದರ ಮಹತ್ವವನ್ನು ಅಂದು ಯಾರೂ ಅರಿಯಲಿಲ್ಲ. 1868ರಲ್ಲಿ ಮಠಾಧಿಪತಿಯಾದ ಅವರು ಸರಕಾರದೊಡನೆ ತೆರಿಗೆಯ ವ್ಯಾಜ್ಯದಲ್ಲಿ ಬಳಲಿ, ಮೂತ್ರಪಿಂಡದ ಕಾಯಿಲೆಯಿಂದ 1884ರ ಜನವರಿ 6ರಂದು ದೈವಾಧೀನರಾದರು. 1900ರಲ್ಲಿ ಜಗತ್ತು ಅವರ ನಿಯಮಗಳನ್ನು ಮತ್ತೆ ಕಂಡುಕೊಂಡಿತು.

ರೋಗಿಯ ಹಾಸಿಗೆಯ ಬಳಿ ನಿಲ್ಲಲಾರದಿದ್ದ ಈ ಗುರುವಿನ ಲೆಕ್ಕವೇ ಇಂದು ರೋಗಿಗಳ ನೆರವಿಗೆ ಬರುತ್ತಿದೆ. ಝೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆಯಲ್ಲಿ, ಬಿಸಿಲಿನಿಂದ ಚರ್ಮದ ಜೀವಕೋಶಗಳಿಗಾಗುವ ಹಾನಿಯನ್ನು ದೇಹ ಸರಿಪಡಿಸಿಕೊಳ್ಳಲಾರದು. ಎಳೆವಯಸ್ಸಿನಲ್ಲಿಯೇ ಚರ್ಮದ ಕ್ಯಾನ್ಸರ್ ತಲೆದೋರಬಹುದು. ತಾಯಿತಂದೆಯರಿಬ್ಬರೂ ಆರೋಗ್ಯವಂತರು, ಆದರೆ ದೋಷಯುಕ್ತ ವಂಶವಾಹಿ ಇಬ್ಬರಲ್ಲಿಯೂ ಅಡಗಿದೆ. ಪ್ರತಿಯೊಂದು ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಸುಕ್ಕು ಕಾಳಿನ ಲೆಕ್ಕವೇ ಇದು. ಹತ್ತಿರದ ರಕ್ತಸಂಬಂಧಿಗಳಲ್ಲಿ ಒಂದೇ ದೋಷ ಅಡಗಿರುವ ಸಂಭವ ಹೆಚ್ಚು. ಅಂತಹವರ ವಿವಾಹಕ್ಕೆ ಧರ್ಮಸಭೆಯ ಕಾನೂನು ತಡೆಯೊಡ್ಡಿರುವುದನ್ನು ಸೋದರಸಂಬಂಧದ ಮದುವೆಗಳು ರೂಢಿಯಲ್ಲಿರುವ ನಮ್ಮ ನಾಡಿನವರು ನೆನೆಯುವುದು ಒಳಿತು.

ಮಕ್ಕಳ ಕಣ್ಣಿನ ಅಕ್ಷಿಪಟದಲ್ಲಿ ಉಂಟಾಗುವ ಕ್ಯಾನ್ಸರಿನ ಅನುವಂಶೀಯ ಬಗೆಯಲ್ಲಿ ಒಬ್ಬ ಪಾಲಕರಿಂದ ಬಂದ ದೋಷವೇ ಸಾಕು. ಪ್ರತಿ ಮಗುವಿಗೂ ಅದು ದಾಟುವ ಸಂಭವ ಎರಡರಲ್ಲಿ ಒಂದು. ಆದರೆ ಆ ವಂಶವಾಹಿಯ ಇನ್ನೊಂದು ಪ್ರತಿಯೂ ಕೆಟ್ಟಾಗಲೇ ಗೆಡ್ಡೆ ಹುಟ್ಟುವುದೆಂದು 1971ರಲ್ಲಿ ಆಲ್ಫ್ರೆಡ್ ನಡ್ಸನ್ ಎಂಬ ವೈದ್ಯರು ಪ್ರತಿಪಾದಿಸಿದರು. ಹೀಗೆ ತಾಯಿತಂದೆಯರಿಂದ ಬರುವುದು ಕ್ಯಾನ್ಸರ್ ಅಲ್ಲ, ಅದಕ್ಕೆ ತುತ್ತಾಗುವ ಹೆಚ್ಚಿನ ಸಾಧ್ಯತೆ. ಒಟ್ಟು ಕ್ಯಾನ್ಸರುಗಳಲ್ಲಿ ಇಂತಹ ಅನುವಂಶೀಯ ಮೂಲದವು 100ರಲ್ಲಿ ಸುಮಾರು 5ರಿಂದ 10 ಮಾತ್ರ.

ಸಾಧ್ಯತೆಯನ್ನು ಮೊದಲೇ ಅರಿತವರು ಎಚ್ಚರ ವಹಿಸಬಲ್ಲರು. ಒಂದು ಮಗುವನ್ನು ಬಿಸಿಲಿನಿಂದ ಕಾಪಾಡಬಹುದು; ಇನ್ನೊಂದರ ಕಣ್ಣನ್ನು ಹುಟ್ಟಿದಂದಿನಿಂದಲೇ ಪರೀಕ್ಷಿಸಿ ದೃಷ್ಟಿಯನ್ನೂ ಜೀವವನ್ನೂ ಉಳಿಸಬಹುದು. ಆದರೆ ಮನೆಯವರು ಬಾಯಿ ತೆರೆದರೆ ತಾನೆ ವೈದ್ಯರಿಗೆ ತಿಳಿಯುವುದು? ಮಗಳ ಮದುವೆಗೆ ಅಡ್ಡಿಯಾದೀತೆಂದು ಅಜ್ಜಿಯ ರೋಗವನ್ನು, ಎಳವೆಯಲ್ಲೇ ತೀರಿಕೊಂಡ ಸೋದರನ ಕಾಯಿಲೆಯನ್ನು ಮುಚ್ಚಿಡುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಮುಚ್ಚಿಟ್ಟದ್ದು ಮೊಮ್ಮಕ್ಕಳ ಪಾಲಿಗೆ ಮತ್ತೆ ಎದ್ದು ಬರಬಹುದೆಂಬುದನ್ನು ಮೆಂಡೆಲರ ಬಟಾಣಿ ಕಾಳುಗಳು ನಮಗೆ ಕಲಿಸಿವೆ.

ಅನುವಂಶೀಯ ದೋಷ ಪಾಪವಲ್ಲ, ಶಾಪವಲ್ಲ, ಯಾರ ಅಪರಾಧವೂ ಅಲ್ಲ. ಅದನ್ನು ಹೊತ್ತ ಕೂಸು ಇತರ ಎಲ್ಲರಂತೆಯೇ ದೇವರ ಪ್ರತಿರೂಪ. ಅಂತಹ ಮನೆಗಳತ್ತ ಬೆರಳು ತೋರಿಸದೆ ಕೈಚಾಚುವುದು ಕ್ರೈಸ್ತ ಸಮುದಾಯದ ಕರ್ತವ್ಯ. ಮನೆತನದ ರೋಗಚರಿತ್ರೆಯನ್ನು ಮಕ್ಕಳಿಗೂ ವೈದ್ಯರಿಗೂ ನಿಸ್ಸಂಕೋಚವಾಗಿ ತಿಳಿಸುವುದು ಪ್ರತಿಯೊಬ್ಬ ತಾಯಿತಂದೆಯ ಹೊಣೆ. ತಂಗಿಯ ತ್ಯಾಗದಿಂದ ಕಲಿತು ಮನುಕುಲಕ್ಕೆ ಬೆಳಕಾದ ಆ ಸನ್ಯಾಸಿಯ ಬಾಳಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.